ಮೂಡಲಗಿರಿಯಪ್ಪನ ಮೂಕರ್ಜಿ

ಮೂರು ದಿನದಿಂದ ಮೂಡಲಗಿರಿಯಪ್ಪ ಒಳಗೆ ಕಾಲಿಟ್ಟರೆ ಸಾಕು, ಆಫೀಸಿನಲ್ಲಿ ಮಾತು ನಿಂತುಬಿಡುತ್ತಿತ್ತು. ಹಾಲೇಶ್ ಕಂಪ್ಯೂಟರಿನೊಳಗೆ ಮುಖ ತೂರಿಸುತ್ತಿದ್ದ. ಜ್ಯೋತಿಲಕ್ಷ್ಮಿ ಮೇಡಂ ಯಾವುದೋ ಕಾಗದ ಮಡಚಿ ಡ್ರಾಯರಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಕಡತಗಳನ್ನು ಕಿಟಕಿಯ ಮೇಲೆ ಬಿಸಾಡುವವರು ಕಾಗದದ ಚೂರಿಗೆ ಬೀಗ ಹಾಕಿದರೆ ಅನುಮಾನ ಬರದೆ ಇನ್ನೇನು ಬಂದೀತು?

ಅದು ವರ್ಗಾವಣೆಯ ತಿಂಗಳು. ಮಧುಗಿರಿಯ ಆ ಕಚೇರಿಯಲ್ಲಿ ಮೂವರು ಗುಮಾಸ್ತರಿಗೂ ಮೂರು ವರ್ಷ ತುಂಬಿತ್ತು. ಒಬ್ಬರು ದೂರದ ನಾಗಲಮಡಿಕೆಗೆ ಹೋಗಲೇಬೇಕಿತ್ತು. ಮೂಡಲಗಿರಿಯಪ್ಪನ ಹೆಂಡತಿ ಅಲ್ಲೇ ಹತ್ತಿರದ ಬಡವನಹಳ್ಳಿಯಲ್ಲಿ ಟೀಚರ್. ಒಂಬತ್ತು ವರ್ಷ ಗಂಡ ಹೆಂಡತಿ ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಬೇಯಿಸಿಕೊಂಡು ತಿಂದು, ಇಲ್ಲಿಗೆ ಬಂದ ಮೇಲೆ ಒಂದು ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದರು. ಅದು ಮತ್ತೆ ಕೆಳಗಿಳಿಯಬಾರದು, ಅಷ್ಟೇ ಅವನ ಆಸೆ.

"ನನ್ ಮೇಲೆ ಮೂಕರ್ಜಿ ಬರೀತಾವ್ರೆ" ಎಂದ ಹೆಂಡತಿಗೆ. ಹೆಸರು, ಸಹಿ ಇಲ್ಲದೆ ಮೇಲಿನವರಿಗೆ ದೂರು ಬರೆಯುವ ಈ ವಿದ್ಯೆಯನ್ನು ಆ ಆಫೀಸಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ನೀವೇನ್ ತಪ್ಪು ಮಾಡಿದ್ದೀರ ಅಂತ ಬರೀತಾರೆ?"

"ಏನೂ ಮಾಡಿಲ್ಲ. ಅದಕ್ಕೇ ಭಯ ಆಗ್ತೈತೆ."

ಭಾನುವಾರ ಅವನು ಶಿರಾಕ್ಕೆ ಹೋಗಿ, ಗುರುತು ಸಿಗದಂತೆ ಎಡಗೈಯಲ್ಲಿ ಹಾಲೇಶನ ಮೇಲೊಂದು ಮೂಕರ್ಜಿ ಬರೆದು ಅಲ್ಲಿಯೇ ಟಪಾಲಿಗೆ ಹಾಕಿದ. ಹಾಲೇಶ್ ಕುರ್ಚಿಯ ಮೇಲೆ ಟವೆಲ್ ಬಿಟ್ಟು ಊಟಕ್ಕೆ ಹೋದರೆ ನಾಲ್ಕು ಗಂಟೆಗೆ ಬರುತ್ತಾನೆ ಎಂದು ನಿಜವನ್ನೇ ಬರೆದಿದ್ದ. ಆದರೂ ನಾಚಿಕೆಯಾಗಿ, ವಾಪಸು ಬರುವ ಬಸ್ಸಿನಲ್ಲಿ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ನಾಗಲಮಡಿಕೆಗೆ ಮೂಡಲಗಿರಿಯಪ್ಪ.

ಅವನು ಸೀದಾ ಮ್ಯಾನೇಜರ್ ಅಡವಯ್ಯನವರ ಮುಂದೆ ಹೋಗಿ ನಿಂತ. "ನನ್ ಮೇಲೆ ಯಾರು ಬರ್ದವ್ರೆ ಸಾರ್? ಅದನ್ನಾದ್ರೂ ತೋರ್ಸಿ."

"ಯಾರೂ ಬರ್ದಿಲ್ಲ ಕಣಪ್ಪ, ಅದಕ್ಕೇ ಇಂಗಾಗಿದ್ದು" ಎಂದು ಅಡವಯ್ಯ ಒಂದು ಸುತ್ತೋಲೆ ಮುಂದಿಟ್ಟರು. "ದೂರು ಇದ್ದೋರ್ನ ವಿಚಾರಣೆ ಮುಗಿಯೋಗಂಟ ಅಲ್ಲಾಡ್ಸಂಗಿಲ್ಲ. ಮಿಕ್ಕೋನು ನೀನೊಬ್ನೇ. ಓದಿದ್ದೀನಿ ಅಂತ ಸಹಿನೂ ಹಾಕಿದ್ದೀಯಲ್ಲ."

ಸಹಿ ಅವನದೇ. ಸುತ್ತೋಲೆ ಬಂದರೆ ಕೆಳಗೆ ಸಹಿ ಹಾಕಿ ಪಕ್ಕದ ಟೇಬಲ್ಲಿಗೆ ದಾಟಿಸುವುದು ಅಲ್ಲಿನ ಪದ್ಧತಿ. ಓದುವ ಪದ್ಧತಿ ಇರಲಿಲ್ಲ. ಈ ಒಂದನ್ನು ಜ್ಯೋತಿಲಕ್ಷ್ಮಿ ಓದಿಬಿಟ್ಟಿದ್ದರು.

ಹೊರಗೆ ಹಾಲೇಶ್ ಟೀ ಹಿಡಿದು ಕಾಯುತ್ತಿದ್ದ. "ಬೇಜಾರ್ ಮಾಡ್ಕಬ್ಯಾಡಿ ಅಣ್ಣ. ಮೇಡಂ ಮೇಲೆ ನಾನು, ನನ್ ಮೇಲೆ ಮೇಡಂ ಬರ್ಕಂಡ್ವಿ. ನಿಮಗೂ ಹೇಳಿದ್ರೆ ಹೋಗೋರ್ಯಾರು? ಆದ್ರೆ ಮೇಡಂ ಬರ್ದಿದ್ದು ಟಪಾಲಲ್ಲೇ ಕಳ್ದೋಗ್ಬುಡ್ತು. ಹೆಂಡ್ತಿ ಇಲ್ಲೇ ಟೀಚರ್ ಅಂತ ನಿಮ್ಮನ್ನ ಬಿಡೋರು, ನಾನೇ ಹೋಗ್ಬೇಕಿತ್ತು. ಸಿರಾದಿಂದ ಯಾವನೋ ಪುಣ್ಯಾತ್ಮ ಒಂದು ಹಾಕವ್ನೆ, ಅದ್ರಿಂದ ಉಳ್ಕಂಡೆ."

ಮೂಡಲಗಿರಿಯಪ್ಪ ಎಡಗೈಯನ್ನು ಜೇಬಿಗೆ ಹಾಕಿಕೊಂಡು ಬಲಗೈಯಲ್ಲಿ ಟೀ ತೆಗೆದುಕೊಂಡ. ಸಂಜೆ ಮನೆಗೆ ಹೋಗಿ ಅಟ್ಟ ಹತ್ತಬೇಕಿತ್ತು.