ಬಿಲೀವ್ ಅಂದರೆ ನಂಬು

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪದದಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಚಾದರಗಳನ್ನು ಮಡಿಸುವಾಗ ಅವಳ ತುಟಿ ಸುಮ್ಮನಿರುತ್ತಿರಲಿಲ್ಲ. ಅಜ್ಜ ರಾಗವಾಗಿ ಓದುತ್ತಿದ್ದ ದೇವರ ಪದಗಳು, ಮಡಿಕೆಗೊಂದು ಸಾಲಿನಂತೆ, ತಾವಾಗಿಯೇ ಹೊರಬರುತ್ತಿದ್ದವು. ಹದಿನಾರು ವರ್ಷದಲ್ಲಿ ಅವಳು ಯಾರ ಮೇಲೂ ದನಿ ಎತ್ತಿದ್ದಿಲ್ಲ.

ಆದರೆ ಈಗ ಹತ್ತು ದಿನದಿಂದ ಅವಳ ಹೊಟ್ಟೆಯಲ್ಲಿ ಕೆಂಡವಿತ್ತು.

ಅವಳ ನಾದಿನಿಯೂ ಅಲ್ಲೇ ಕೆಲಸಕ್ಕಿದ್ದವಳು. ಚಾದರ ಇಸ್ತ್ರಿ ಮಾಡುವ ಬಿಸಿ ಉರುಳೆಗಳ ಯಂತ್ರಕ್ಕೆ ಬಟ್ಟೆಯ ಅಂಚು ಕೊಡುವುದು ಅವಳ ಕೆಲಸ. ಉರುಳೆಯ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಕೈ ತಗುಲಿದರೆ ಸಾಕು, ಯಂತ್ರ ತಟಕ್ಕನೆ ನಿಲ್ಲುತ್ತದೆ. ದಪ್ಪ ಚಾದರ ತಗುಲಿದರೂ ನಿಲ್ಲುತ್ತದೆ, ಅದೇ ತೊಂದರೆ. ಕೆಲಸ ಹಿಂದೆ ಬೀಳುತ್ತಿದೆ ಎಂದು ಸೂಪರ್‌ವೈಸರ್ ಒಂದು ಬೆಳಿಗ್ಗೆ ಹರಿದ ಚಾದರದ ಅಂಚು ಸೀಳಿ ಆ ಪಟ್ಟಿಯನ್ನು ಹಿಂದಕ್ಕೆ ಬಿಗಿದು ಕಟ್ಟಿದ. ಪದದಕ್ಕ ಮೂರು ಮೊಳ ದೂರದಲ್ಲಿ ನಿಂತು ನೋಡಿದಳು. ಊಟದ ಹೊತ್ತಿಗೆ ನಾದಿನಿಯ ನಾಲ್ಕು ಬೆರಳು ಉರುಳೆಯೊಳಗೆ ಹೋದವು. ಯಂತ್ರ ನಿಲ್ಲಲಿಲ್ಲ.

ಮೂರನೆಯ ದಿನ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ನೋಟಿಸು ಬಂತು, ಓದಬಲ್ಲವರು ಅರ್ಥ ಹೇಳಿದರು. ಪಟ್ಟಿಯನ್ನು ಕಟ್ಟಿದವಳು ನಾದಿನಿಯೇ, ತಪ್ಪು ಅವಳದೇ, ಅವಳನ್ನು ಕೆಲಸದಿಂದ ತೆಗೆಯುವ ಮುನ್ನ ವಿಚಾರಣೆಯಿದೆ, ಸಾಕ್ಷಿ ಹೇಳುವವರು ಇಂಗ್ಲಿಷಿನಲ್ಲಿ ಬರೆದುಕೊಡಬೇಕು.

ಅಂದು ಸಂಜೆ ಪದದಕ್ಕ ಮಗಳ ಶಾಲೆಯ ನಿಘಂಟನ್ನು ಮುಂದಿಟ್ಟುಕೊಂಡು ಕೂತಳು. ಮಗಳಿಗೆ ಮರುದಿನ ಪರೀಕ್ಷೆ, ಅವಳನ್ನು ಕರೆಯಲು ಮನಸ್ಸು ಬರಲಿಲ್ಲ. ನೋಡಿದೆ ಎನ್ನುವುದಕ್ಕೆ 'ಸಾ' ಎನ್ನಬೇಕೆಂದು ಎಲ್ಲೋ ಕೇಳಿದ ನೆನಪು. ಹುಡುಕಿದರೆ ಅದರ ಎದುರು ಗರಗಸ ಎಂದಿತ್ತು. ನಾನು ಗರಗಸ ಎಂದು ಬರೆದುಕೊಟ್ಟರೆ ನಗೆಪಾಟಲಾಗುವುದಷ್ಟೇ ಎಂದು ಪುಟ ಮಗುಚಿದಳು. ಆಗ ಸಿಕ್ಕಿತು: ಬಿಲೀವ್ ಅಂದರೆ ನಂಬು.

ಅವಳಿಗೆ ಎದೆ ತುಂಬಿ ಬಂತು. ಅಜ್ಜನ ಪದಗಳಲ್ಲಿ ಆ ಮಾತು ಬರುತ್ತಿದ್ದುದು ದೇವರ ಮುಂದೆ ಮಾತ್ರ. ಅಲ್ಲಿಗೆ ಬಂದಾಗ ಅಜ್ಜ ರಾಗ ನಿಲ್ಲಿಸಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಕಣ್ಣಿಗಾದರೂ ಮಂಜು ಕವಿಯಬಹುದು, ನಂಬಿದ ಮಾತು ಪ್ರಾಣ ಹೋದರೂ ಅಲುಗದು. ತನ್ನಲ್ಲಿದ್ದ ಅತಿ ಭಾರದ ಮಾತನ್ನು ಆರಿಸಿ, ಒಂದೊಂದೇ ಅಕ್ಷರ ತಿದ್ದಿ ಬರೆದಳು: ಐ ಬಿಲೀವ್ ಸೂಪರ್‌ವೈಸರ್ ಟೈ ದಿ ಬಾರ್.

ವಿಚಾರಣೆ ನಡೆದದ್ದು ಮ್ಯಾನೇಜರರ ಕೋಣೆಯಲ್ಲಿ. ದೊಡ್ಡ ಆಫೀಸಿನಿಂದ ಬಂದ ಮೇಡಂ ಮೇಜಿನ ಆಚೆ, ಸೂಪರ್‌ವೈಸರ್ ಕಿಟಕಿಯ ಬಳಿ, ನಾದಿನಿ ಹೊರಗಿನ ಬೆಂಚಿನ ಮೇಲೆ. ಮೇಡಂ ಕಾಗದವನ್ನು ಓದಿ ಕೆಳಗಿಟ್ಟರು.

"ಇದು ಸಾಕ್ಷಿ ಆಗಲ್ಲಮ್ಮ. ನೀವು ಬರೀ ಬಿಲೀವ್ ಅಂದಿದ್ದೀರಿ."

"ಬರೀ ಅಂದ್ರೆ? ಅದಕ್ಕಿಂತ ದೊಡ್ಡ ಮಾತು ಇನ್ಯಾವುದಿದೆ ಮೇಡಂ?"

ಮೇಡಂ ಕನ್ನಡಕ ತೆಗೆದರು. ಕೆಟ್ಟವರೇನಲ್ಲ, ದಣಿದಿದ್ದರು. "ನೋಡಿ, ಇಂಗ್ಲಿಷಲ್ಲಿ ಖಚಿತ ಇಲ್ದಿದ್ದಾಗ ಹಾಗಂತಾರೆ. ಬಸ್ಸು ಐದಕ್ಕಿದೆ, ಐ ಬಿಲೀವ್. ಅಂದ್ರೆ ಇದ್ರೂ ಇರಬಹುದು, ಇಲ್ದಿದ್ರೂ ಇಲ್ಲ. ನಮ್ಮಲ್ಲಿ 'ಅನ್ಸುತ್ತೆ' ಅಂತೀವಲ್ಲ, ಹಾಗೆ."

"ಬಸ್ಸಿಗಾ?" ಪದದಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಂಬೋದು ಬಸ್ಸಿಗಾ ಮೇಡಂ?"

ಸೂಪರ್‌ವೈಸರ್ ಕಿಸಕ್ಕನೆ ನಕ್ಕ. "ಪಾಪ, ಅಕ್ಕ ಭಜನೆ ಅಂತ ತಿಳ್ಕೊಂಡು ಬರ್ದುಬಿಟ್ಟಿದ್ದಾರೆ."

ಆ ನಗುವಿಗೆ ಅವಳ ಸಿಟ್ಟು ನೆತ್ತಿಗೇರಿತು. ಎದ್ದು ಹೊರಗೆ ಹೋಗಿ ಬಾಗಿಲ ಪಕ್ಕದ ಗೋಡೆಯಿಂದ ನೋಟಿಸನ್ನು ಪಿನ್ನಿನ ಸಮೇತ ಕಿತ್ತು ತಂದು ಮೇಜಿನ ಮೇಲೆ ಬಡಿದಳು. ವಾರವಿಡೀ ಅದರ ಮುಂದೆ ನಿಂತು ಒಂದೊಂದೇ ಪದ ಗುರುತು ಹಿಡಿದಿದ್ದಳು. ಬೆರಳಿಟ್ಟು ತೋರಿಸಿದಳು.

"ಇಲ್ಲೇನಿದೆ ಓದಿ."

"ಅಮ್ಮ, ಅದು ಬೇರೆ ವಿಷಯ..."

"ಓದಿ ಮೇಡಂ!"

ಮೇಡಂ ಓದಿದರು. "ದಿ ಮ್ಯಾನೇಜ್‌ಮೆಂಟ್ ಬಿಲೀವ್ಸ್..." ಎಂದವರು ಮುಂದೆ ಹೋಗದೆ ನಿಂತರು.

"ನಿಂತ್ರಿ ಯಾಕೆ? ಇದೂ ಬಸ್ಸಿನ ಬಿಲೀವೇನಾ? ನನ್ನ ನಾದಿನಿ ಕಟ್ಟಿದ್ರೂ ಕಟ್ಟಿರಬಹುದು, ಕಟ್ದೇ ಇದ್ರೂ ಇಲ್ಲ ಅಂತಾನಾ? ಅಷ್ಟಕ್ಕೆ ಅವಳ ಕೆಲಸ ಕಿತ್ಕೊಳ್ತೀರಾ? ಅವಳ ಹೆಸರಿಗೆ ಮಸಿ ಬಳೀತೀರಾ? ಬೆರಳು ಹೋಗಿದ್ದು ಸಾಲ್ದು ಅಂತಾನಾ? ನೀವು ನಂಬಿದ್ರೆ ತೀರ್ಪು, ನಾನು ನಂಬಿದ್ರೆ ಅನುಮಾನ! ಎರಡನ್ನೂ ಹೊಡೆದುಹಾಕಿ, ಇಲ್ಲ ಎರಡನ್ನೂ ಇಟ್ಕೊಳ್ಳಿ."

ಮೇಡಂ ಸ್ವಲ್ಪ ಹೊತ್ತು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. "ನೀವು ಆ ಪಟ್ಟಿ ಕಟ್ಟಿದ್ರಾ?"

"ಐ ಡೋಂಟ್ ಥಿಂಕ್ ಸೋ ಮೇಡಂ," ಎಂದ ಸೂಪರ್‌ವೈಸರ್, ಬೆಣ್ಣೆಯಷ್ಟು ನುಣ್ಣಗೆ.

"ಏನಂದ ಅವನು?" ಪದದಕ್ಕ ಕೇಳಿದಳು.

"ಹಾಗೆ... ಕಟ್ಟಿದ್ದೀನಿ ಅಂತ ಅನ್ಸಲ್ಲ ಅಂದ್ರು."

"ಅನ್ಸಲ್ವಾ!" ಅವಳು ಅವನೆದುರು ಹೋಗಿ ನಿಂತಳು. "ಕೈ ನಿನ್ನದೇ ತಾನೇ? ನಿನ್ನ ಕೈ ಗಂಟು ಹಾಕಿತೋ ಇಲ್ವೋ ಅನ್ನೋದು ನಿಂಗೆ ಅನ್ಸಬೇಕೇನೋ? ಊಟ ಆಯ್ತಾ ಅಂದ್ರೂ ಅನ್ಸಲ್ಲ ಅಂತೀಯಾ? ಕಡ್ಡಿ ಮುರಿದ ಹಾಗೆ ಕನ್ನಡದಲ್ಲಿ ಹೇಳು. ನಾನು ಕಟ್ಟಿಲ್ಲ. ಎರಡೇ ಮಾತು. ನನ್ನ ಮುಖ ನೋಡಿ ಹೇಳು."

ಅವನು ಬಾಯಿ ತೆರೆದ. "ಅಕ್ಕಾ, ಆವತ್ತು ಕೆಲಸ ಎಷ್ಟಿತ್ತು ಅಂತ ನಿಮಗೂ ಗೊತ್ತು..."

"ಎರಡೇ ಮಾತು."

"ನಾನು..." ಎಂದ. ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಜಾರಿದ ಸುಳ್ಳು ಕನ್ನಡದಲ್ಲಿ ಬಾಯಿಗೆ ಬರಲಿಲ್ಲ. ಅವನು ಕಿಟಕಿಯಾಚೆ ನೋಡತೊಡಗಿದ. "ಯಾರಿಗಾದ್ರೂ ಹೀಗಾಗ್ಲಿ ಅಂತ ಮಾಡಿದ್ದಲ್ಲ ಮೇಡಂ," ಎಂದ ಕೊನೆಗೆ.

ಮೇಡಂ ಹೊಸ ಹಾಳೆ ತೆಗೆದು ಬರೆಯತೊಡಗಿದರು. ಬರೆದು ಮುಗಿಸಿ, ಸಹಿ ಹಾಕಿ ಎಂದು ಪದದಕ್ಕನ ಕಡೆ ತಳ್ಳಿದರು.

"ಕನ್ನಡದಲ್ಲಿ ಹೇಳಿ, ಏನು ಬರೆದ್ರಿ?"

"ಪಟ್ಟಿಯನ್ನು ಸೂಪರ್‌ವೈಸರ್ ಕಟ್ಟಿರಬಹುದೆಂದು ನಂಬಲಾಗಿದೆ."

"ಯಾರು ನಂಬಿದ್ದು?"

"ಯಾರೂ ಅಂತಲ್ಲಮ್ಮ. ವರದಿ ಬರೆಯೋ ರೂಢಿ ಹಾಗೆ."

"ಯಾರೂ ನಂಬದೇ ಇರೋದನ್ನ ನಂಬಲಾಗಿದೆ ಅಂತ ಬರೆಯೋದಾ? ದೇವರಾಣೆ, ಇದಕ್ಕೆ ನಾನು ಸಹಿ ಹಾಕಲ್ಲ." ಪೆನ್ನನ್ನು ಮೇಜಿನ ಮೇಲಿಟ್ಟು ಅವಳು ಕೈ ಕಟ್ಟಿ ನಿಂತಳು. "ಅವನು ಕಟ್ಟಿದ. ನಾನು ಕಣ್ಣಾರೆ ಕಂಡೆ. ಅದಕ್ಕೆ ನಿಮ್ಮ ಇಂಗ್ಲಿಷಲ್ಲಿ ಮಾತಿಲ್ವಾ? ಗರಗಸ ಅಂತ ಬರೆದ್ರೂ ಪರವಾಗಿಲ್ಲ, ಅದನ್ನೇ ಬರೀರಿ."

ಗರಗಸ ಯಾಕೆಂದು ಮೇಡಂಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ನಗು ಬಂತು. ಎದುರಿಗಿದ್ದ ಮುಖ ನೋಡಿ ಆ ನಗುವನ್ನು ನುಂಗಿಕೊಂಡರು. ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದು, ಕೆಳಗೆ ಎರಡು ಚಿಕ್ಕ ಸಾಲು ಬರೆದರು. ಸಾಕ್ಷಿ ಕಣ್ಣಾರೆ ನೋಡಿದ್ದಾರೆ, ಪಟ್ಟಿ ಕಟ್ಟಿದವರು ಸೂಪರ್‌ವೈಸರ್. ಕೆಲಸದವಳ ತಪ್ಪಿಲ್ಲ, ಅವಳು ಕೆಲಸದಲ್ಲಿ ಮುಂದುವರಿಯುತ್ತಾಳೆ. ಪದದಕ್ಕ ಅದನ್ನು ಎರಡು ಸಲ ಹೇಳಿಸಿ ಕೇಳಿದಳು. ಆಮೇಲೆ ಸಹಿ ಹಾಕಿದಳು, ಕನ್ನಡದಲ್ಲಿ, ಹಾಳೆ ಹರಿಯುವಷ್ಟು ಒತ್ತಿ.

ಹೊರಗೆ ನಾದಿನಿ ಬ್ಯಾಂಡೇಜಿನ ಕೈಯನ್ನು ಮಗುವಿನಂತೆ ಎದೆಗವಚಿಕೊಂಡು ಎದ್ದು ನಿಂತಳು. "ಏನಾಯ್ತು ಅತ್ತಿಗೆ? ಒಳಗೆ ಕೂಗ್ತಿದ್ದೋರು ಯಾರು?"

"ನಾನೇ. ನಿನ್ನ ತಪ್ಪಿಲ್ಲ ಅಂತ ಬರೆದ್ರು. ಕೆಲಸ ಇದೆ."

ನಾದಿನಿಯ ಕಣ್ಣಿಂದ ದಳದಳನೆ ನೀರಿಳಿಯಿತು. "ಮತ್ತೆ ನೀವ್ಯಾಕೆ ಇನ್ನೂ ಸಿಟ್ಟಲ್ಲಿದ್ದೀರಿ? ಗೆದ್ವಲ್ಲ?"

"ಗೆದ್ದಿದ್ದೇನು ಬಂತು! ಕಂಡಿದ್ದನ್ನ ಕಂಡೆ ಅನ್ನೋಕೆ ಹತ್ತು ದಿನ ಬೇಕಾಯ್ತು ಕಣೇ. ನಿನ್ನ ಬೆರಳೇನು ವಾಪಸ್ ಬರುತ್ತಾ? ಬಾ, ಡಾಕ್ಟರು ಎದ್ದು ಹೋಗೋ ಮುಂಚೆ ಬ್ಯಾಂಡೇಜ್ ಬದಲಾಯಿಸಬೇಕು."

ಅವಳು ಎಷ್ಟು ಬಿರುಸಾಗಿ ನಡೆದಳೆಂದರೆ, ನಾದಿನಿ ಅವಳ ಹಿಂದೆ ಓಡೋಡಿ ಹೋಗಬೇಕಾಯಿತು.