ಪುಟ್ಟಲಿಂಗಯ್ಯನ ಮಿಷನ್ನೂ ಹರಿದ ಟವೆಲ್ಲೂ

ಮಾಗಡಿ ತಾಲ್ಲೂಕಿನಲ್ಲಿ ನನಗಿಂತ ಗಂಡೆದೆಯವನು ಹುಟ್ಟಿಲ್ಲ. ಬೇಕಾದರೆ ನಮ್ಮೂರು ಕಲ್ಯದಲ್ಲಿ ಯಾರನ್ನಾದರೂ ಕೇಳಿ, ತಿಮ್ಮಯ್ಯ ಎಂದರೆ ಚಿರತೆಯೂ ದಾರಿ ಬಿಡುತ್ತದೆ. ಅಂಥ ನಾನೇ ಒಂದು ಬೆಳಿಗ್ಗೆ ಗಡಗಡ ನಡುಗಿಬಿಟ್ಟೆ.

ಪಕ್ಕದ ಮನೆ ಪುಟ್ಟಲಿಂಗಯ್ಯನ ಹುಣಸೆಮರ ಗಾಳಿಗೆ ಉರುಳಿ ಕುರಿದೊಡ್ಡಿಗೆ ಅಡ್ಡ ಬಿತ್ತು. ಮರ ಎಂದರೆ ಮರವೇ? ಅರ್ಧ ತಾಲ್ಲೂಕಿಗೆ ನೆರಳು! ಕುಯ್ಯಲು ಆಳು ಸಿಗಲಿಲ್ಲ. ಮಾಗಡಿಗೆ ಹೋದ ಪುಟ್ಟಲಿಂಗಯ್ಯ ಮರ ಕುಯ್ಯುವ ಮಿಷನ್ನೊಂದನ್ನು, ಯಾರೋ ಬಳಸಿ ಬಿಟ್ಟದ್ದನ್ನು, ಹೊತ್ತು ಬಸ್ಸಿಳಿದ. ಬ್ಲೇಡು ನನ್ನ ಕಾಲಿಗಿಂತ ಉದ್ದ, ಅದರ ಸುತ್ತ ಓಡುವ ಹಲ್ಲಿನ ಚೈನು. ಅದರ ಸದ್ದಿಗೆ ಸಾವನದುರ್ಗದ ಹದ್ದುಗಳೆಲ್ಲ ರಾಮನಗರಕ್ಕೆ ಗುಳೆ ಹೋದವು.

ಅವನ ಸೊಸೆ ಅನುಷಾ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡೋಳು. ಮಿಷನ್ನು ತಿರುಗಿಸಿ ನೋಡಿ ಮುಖ ಸಣ್ಣ ಮಾಡಿದಳು.

"ಮಾವ, ಹಿಡಿ ಮುಂದೆ ಒಂದು ಕೈತಡೆ ಇರ್ಬೇಕು. ಅದೇ ಇದ್ರ ಬ್ರೇಕು. ಕಿತ್ತಾಕವ್ರೆ."

"ಅಡ್ಡ ಬತ್ತದೆ ಅಂತ ತೆಗ್ದವ್ರೆ ಕಣವ್ವ. ಬ್ರೇಕ್ ಹಾಕಕ್ಕೆ ಇದೇನ್ ಮಾಗಡಿ ಬಸ್ಸಾ?"

"ಬ್ಲೇಡಿನ ತುದಿ ಎಲ್ಲಾದ್ರೂ ತಾಕಿದ್ರೆ ಎಗರಿ ಮೊಕಕ್ಕೇ ಬತ್ತದೆ. ಆಗ ಚೈನ್ ನಿಲ್ಸೋದು ಆ ತಡೆನೇ ಮಾವ."

"ನೀನು ಕಾರಿಗೆ ನಟ್ ಹಾಕೋಗು. ಗರಗಸ ಹಿಡ್ದೇ ಕೂದ್ಲು ಹಣ್ಣಾಗಿರೋನು ನಾನು."

ಎಡವಟ್ಟಾದದ್ದೇ ಅಲ್ಲಿ. ಕೈಗರಗಸದ ಕಾಲದ ರೂಢಿಯಂತೆ, ದಿಮ್ಮಿ ಅಲುಗಾಡದಿರಲಿ ಎಂದು ಹೆಂಡತಿ ಭದ್ರಮ್ಮನನ್ನು ಅದರ ಮೇಲೆ ಕೂರಿಸಿದ. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ಲು ಹಾಕಿ, ಬರಿಗಾಲಲ್ಲಿ ನಿಂತ.

"ಬ್ಯಾಡ ಕಣಯ್ಯ, ಎದೆ ಹೊಡ್ಕೊತೈತೆ," ಅಂದಳು ಭದ್ರಮ್ಮ.

"ಕಣ್ಮುಚ್ಕೊಂಡ್ ಕೂತ್ಕೊ. ಲೇ ತಿಮ್ಮ, ನೋಡ್ಲಾ, ಬಾಳೆದಿಂಡು ಕುಯ್ದಂಗೆ ಕುಯ್ತೀನಿ!"

ಚೈನು ಒಂದು ಗೇಣು ಇಳಿಯಿತು. ತುದಿ ಆಚೆಯ ಕೊಂಬೆಗೆ ತಾಕಿತು ನೋಡಿ, ಮಿಷನ್ನು ಹೆಡೆ ಎತ್ತಿಬಿಟ್ಟಿತು! ಅವನ ಕಿವಿ ಪಕ್ಕ ಹಾದು ಹೆಗಲಿಗೇ ಬಂತು. ಟವೆಲ್ಲು ಪರ್ರನೆ ಹರಿದು, ಚೈನಿಗೆ ಸುತ್ತಿಕೊಂಡು, ಎಂಜಿನ್ನು ಕೆಮ್ಮಿ ಸತ್ತಿತು. ಭದ್ರಮ್ಮ ದಿಮ್ಮಿಯಿಂದ ಜಿಗಿದು ಗಂಡನ ಹತ್ತಿರ ಓಡಿದಳು. ಚಿರತೆ ದಾರಿ ಬಿಡುವ ನಾನು? ಯಾವಾಗ ಹಾರಿದೆನೋ, ದೊಡ್ಡಿಯೊಳಗೆ ಟಗರಿನ ಹಿಂದೆ ಅಡಗಿದ್ದೆ.

"ಕತ್ತು ಐತಾ ನೋಡೇ," ಅಂದ ಪುಟ್ಟಲಿಂಗಯ್ಯ, ಪಿಸುಗುಟ್ಟಿದ ಹಾಗೆ.

ಭದ್ರಮ್ಮ ತಡವಿ ನೋಡಿದಳು. "ಐತೆ. ಟವೆಲ್ಲೇ ಉಳಿಸ್ತು ಕಣಯ್ಯ."

ಓಡಿಬಂದ ಅನುಷಾ ತಲೆಯಾಡಿಸಿದಳು. "ಹಂಗನ್ಬೇಡಿ ಅತ್ತೆ. ಅದೇ ಟವೆಲ್ಲು ಮಾವನ ಕತ್ತಿಗೂ ಸುತ್ಕೊಂಡು ಎಳೆದಿದ್ರೆ?"

ಪುಟ್ಟಲಿಂಗಯ್ಯ ಮಿಷನ್ನನ್ನು ನೆಲಕ್ಕಿಟ್ಟು ಕಾಲಲ್ಲಿ ದೂರ ತಳ್ಳಿದ.

ಭಾನುವಾರ ಮಾವ ಸೊಸೆ ಹೊಸ ಮಿಷನ್ನು ಕೊಳ್ಳಲು ಮಾಗಡಿ ಅಂಗಡಿಗೆ ಹೊರಟರು. ಜೊತೆಗೆ ನಾನು, ಧೈರ್ಯಕ್ಕೆ.

"ಮನೆ ಕೆಲ್ಸಕ್ಕೆ ಒಂದಡಿ ಬ್ಲೇಡು ಸಾಕು, ಕೈಗೆ ಹಗೂರ ಇರ್ಲಿ," ಅಂದಳು ಅನುಷಾ ಅಂಗಡಿಯವನಿಗೆ. "ಹಿಡೀಲಿ ಲಾಕ್ ಇರ್ಬೇಕು ಅಣ್ಣ, ಬೆರಳು ತಪ್ಪಿ ತಗುಲಿದ್ರೆ ಚೈನ್ ಓಡ್ಬಾರ್ದು."

"ಅದಿರ್ಲಿ, ಮೊದ್ಲು ಬ್ರೇಕ್ ತೋರ್ಸಪ್ಪ," ಅಂದ ಪುಟ್ಟಲಿಂಗಯ್ಯ.

ಅಂಗಡಿಯವನು ಚಾಲೂ ಮಾಡಿ ಕೈತಡೆ ಮುಂದೆ ತಳ್ಳಿದ. ಚೈನು ತಟ್ಟನೆ ನಿಂತಿತು.

"ಇನ್ನೊಂದ್ಸಲ."

ಮತ್ತೆ ನಿಂತಿತು.

"ಇನ್ನೊಂದ್ಸಲ ಒಸಿ..."

ಅಂಗಡಿಯವನ ಪೆಟ್ರೋಲು ಖಾಲಿಯಾಗುವವರೆಗೂ ನೋಡಿದ ಎಂದರೆ ನಂಬಿ! ಮಿಷನ್ನಿನ ಜೊತೆಗೆ ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್ಟು, ಗ್ಲೌಸು, ಗಟ್ಟಿ ಬೂಟು, ಚೈನು ತಡೆಯುವ ದಪ್ಪ ಪ್ಯಾಂಟು ಎಲ್ಲ ಕೊಂಡ. ಈಗ ದಿಮ್ಮಿಯನ್ನು ಕಟ್ಟಿಗೆ ಸ್ಟ್ಯಾಂಡಿನ ಮೇಲಿಟ್ಟು ಕುಯ್ಯುತ್ತಾನೆ, ಹೆಗಲಿಗಿಂತ ಮೇಲಕ್ಕೆ ಮಿಷನ್ನು ಎತ್ತುವುದಿಲ್ಲ. ಭದ್ರಮ್ಮ ಕೂರುವುದು ದೂರದ ಜಗಲಿಯ ಮೇಲೆ.

ಅಣ್ಣಂದಿರಾ, ಅಕ್ಕಂದಿರಾ, ನನ್ನ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದು ನಂಬುವುದು ನಮ್ಮೂರಿನ ರೂಢಿ. ಹದ್ದುಗಳನ್ನು ಕಳೆಯಿರಿ, ಚಿರತೆಯನ್ನೂ ಕಳೆಯಿರಿ. ಆದರೆ ಹರಿದ ಟವೆಲ್ಲು ಇವತ್ತಿಗೂ ಭದ್ರಮ್ಮನ ಮನೆ ಗೂಟದಲ್ಲಿ ನೇತಾಡುತ್ತಿದೆ, ಬಂದು ಮುಟ್ಟಿ ನೋಡಿ. ಮಿಷನ್ನು ಕೊಳ್ಳುವ ಮುಂಚೆ ಅಂಗಡಿಯಲ್ಲೇ ಬ್ರೇಕು ಹಾಕಿಸಿ ನೋಡಿ. ಚೈನು ನಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.