ಹತ್ತು ಟ್ಯಾಬಿಗೆ ಒಂದೇ ನಂಬರು

ಕಮಲಾಕರ ಹೆಗಡೆಯವರು ಫಿಸಿಕ್ಸ್ ಪಾಠ ಮಾಡುವುದನ್ನು ಬಿಟ್ಟು ಶಿರಸಿಯಲ್ಲಿ ಕಂಪ್ಯೂಟರ್ ಅಂಗಡಿ ತೆರೆದಿದ್ದರು. ಊರಿನ ಒಂದು ನರ್ಸಿಂಗ್ ಹೋಮಿಗೆ ಪ್ರೋಗ್ರಾಂ ಬರೆದುಕೊಟ್ಟವರೂ ಅವರೇ. ಒಂದು ಪರದೆ, ಅದರಲ್ಲಿ ಹತ್ತು ಟ್ಯಾಬು: ನೋಂದಣಿ, ಲ್ಯಾಬು, ವಾರ್ಡು, ಔಷಧಿ, ಹೀಗೆ. ಅಷ್ಟಕ್ಕೂ ಕೋಡು ಒಂದೇ ಫೈಲಿನಲ್ಲಿ, ಆರು ಸಾವಿರ ಸಾಲು. 2003ರಲ್ಲಿ ಅವರ ಅಂಗಡಿಗೆ ಕೆಲಸಕ್ಕೆ ಸೇರಿದ ರಮ್ಯಶ್ರೀಗೆ ಅದನ್ನು ಓದಲಿಕ್ಕೇ ತಿಂಗಳು ಹಿಡಿಯಿತು.

“ಸರ್, ತೆರೆದ ರೋಗಿಯ ನಂಬರು ಇಟ್ಗಂಬ ಜಾಗ ಹತ್ತೂ ಟ್ಯಾಬಿಗೆ ಒಂದೇ ಇದ್ದು. ಒಂದೊಂದನ್ನೂ ಬೇರೆ ಮಾಡವು.”

“ಮೂರು ವರ್ಷಾತು, ಸರಿಯಾಗೇ ನಡೀತಾ ಇದ್ದಲೆ ಕೂಸೆ. ಎಂತಕ್ಕೆ ಮುಟ್ಟವು?”

ಬೇರೆ ಮಾಡಬೇಕೆಂದು ಅವಳು ಎರಡನೇ ಸಲ ಕೇಳಿದಾಗ ಅವರು ಸಿಟ್ಟಾದರು. ಕೊನೆಗೆ ಒಂದು ಬೆಳಿಗ್ಗೆ ಅವಳು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅಂಗಡಿಯಲ್ಲಿದ್ದ ಪ್ರೋಗ್ರಾಮಿನ ನಕಲಿನಲ್ಲಿ ಮಾಡಿ ತೋರಿಸಿದಳು. ಲ್ಯಾಬು ಟ್ಯಾಬಿನಲ್ಲಿ ಗಂಗೆ ಎಂಬವಳ ಹೆಸರು ತೆರೆದು ರಕ್ತದ ಗುಂಪು ‘ಬಿ’ ಎಂದು ಒತ್ತಿದಳು. ಸೇವ್ ಮಾಡುವ ಮೊದಲು ನೋಂದಣಿ ಟ್ಯಾಬಿಗೆ ಹೋಗಿ ಬೇರೊಬ್ಬರ ಹೆಸರು ತೆರೆದು, ಮರಳಿ ಬಂದಳು. ಲ್ಯಾಬಿನಲ್ಲಿ ಗಂಗೆಯ ಹೆಸರೇ ಕಾಣುತ್ತಿತ್ತು. ಸೇವ್ ಒತ್ತಿದಳು. ‘ಬಿ’ ಹೋಗಿ ಕೂತದ್ದು ಆ ಇನ್ನೊಬ್ಬರ ಹೆಸರಿಗೆ.

“ಹೀಂಗೆ ಯಾರು ಮಾಡ್ತ?”

“ಅಲ್ಲಿ ಇಪ್ಪದು ಒಂದೇ ಕಂಪ್ಯೂಟರು ಸರ್. ಎಲ್ಲರೂ ಮಾಡ್ತ.”

ಹೆಗಡೆಯವರು ನರ್ಸಿಂಗ್ ಹೋಮಿಗೆ ಫೋನು ಮಾಡಿದರು. ಆ ಕಡೆ ಲ್ಯಾಬಿನ ದಾಕ್ಷಾಯಿಣಿ ಸಿಕ್ಕಳು.

“ಇವತ್ತು ಯಾರಿಗಾದ್ರೂ ರಕ್ತ ಕೊಡೋದಿದೆಯಾ?”

“ಗಿರಿಜವ್ವಗ ಐತ್ರಿ, ಆಪರೇಶನ್ ನಡದೈತಿ. ‘ಬಿ’ ಬ್ಯಾಗ್ ಈಗರ ಒಳಗ ಹೋತು. ಯಾಕ್ರಿ ಸರ?”

“ಕಂಪ್ಯೂಟರಿನ ಪ್ರಿಂಟು ನೋಡ್ಬೇಡಿ. ನೀವು ಕೈಯಲ್ಲಿ ಬರೆದ ಪುಸ್ತಕ ನೋಡಿ.”

ಹಾಳೆ ತಿರುವುವ ಸದ್ದು ಬಂತು.

“ಗಿರಿಜವ್ವ... ‘ಓ’ ಐತ್ರಿ! ಅಯ್ಯ ಯವ್ವಾ!”

ರಿಸೀವರು ಮೇಜಿಗೆ ಬಡಿಯಿತು. ಚಪ್ಪಲಿ ಓಡಿದ ಸದ್ದು. ಆಮೇಲೆ ಯಾರೋ ಕೌಂಟರಿನಲ್ಲಿ ಚೀಟಿ ಕೇಳುತ್ತಿದ್ದುದಷ್ಟೇ ಕೇಳಿಸಿತು. ಹೆಗಡೆಯವರು ಫೋನು ಕೆಳಗಿಡಲಿಲ್ಲ. ರಮ್ಯಶ್ರೀ ಗಡಿಯಾರ ನೋಡಿದಳು, ನೋಡಲಾರದೆ ತಲೆ ತಗ್ಗಿಸಿದಳು. ನಾಲ್ಕು ನಿಮಿಷ.

“ಸರ,” ದಾಕ್ಷಾಯಿಣಿ ಏದುಸಿರು ಬಿಡುತ್ತಿದ್ದಳು. “ಬ್ಯಾಗ್ ತೂಗಹಾಕಿದ್ರು. ರಕ್ತ ಇನ್ನೂ ಬಿಟ್ಟಿದ್ದಿಲ್ರಿ, ತಗಸಿದೆ.”

ಇಬ್ಬರೂ ಸ್ಕೂಟರಿನಲ್ಲಿ ನರ್ಸಿಂಗ್ ಹೋಮಿಗೆ ಹೋದರು. ಅವಸರದಲ್ಲಿ ರಕ್ತ ಬೆರೆಸಿ ನೋಡುವ ಪರೀಕ್ಷೆ ಬಿಟ್ಟುಹೋಗಿತ್ತೆಂದು ಡಾಕ್ಟರು ಒಪ್ಪಿಕೊಂಡರು. ಆದರೂ ಕೂಗಾಡಿದರು. ರಮ್ಯಶ್ರೀ ಏನೋ ಹೇಳಹೊರಟಾಗ ಹೆಗಡೆಯವರು ಅಡ್ಡ ಬಂದರು.

“ಈ ಹುಡುಗಿ ಮೊದಲೇ ಹೇಳಿದ್ದಳು ಡಾಕ್ಟ್ರೇ. ನಾನೇ ಕೇಳಲಿಲ್ಲ.”

ಅಂದೇ ಕಂಪ್ಯೂಟರು ಬಂದ್ ಆಯಿತು. ಮೂರು ವರ್ಷದ್ದನ್ನೆಲ್ಲ ಕೈಬರಹದ ಜೊತೆ ತಾಳೆ ನೋಡಿದಾಗ ಇನ್ನೂ ಹನ್ನೊಂದು ಮಂದಿಯ ರಕ್ತದ ಗುಂಪು ತಪ್ಪಿದ್ದದ್ದು ಸಿಕ್ಕಿತು. ಅದೃಷ್ಟಕ್ಕೆ ಅವರಲ್ಲಿ ಯಾರಿಗೂ ರಕ್ತ ಕೊಟ್ಟಿರಲಿಲ್ಲ. ಆಮೇಲೆ ರಮ್ಯಶ್ರೀ ಒಂದೊಂದು ಟ್ಯಾಬಿಗೂ ಅದರದೇ ಫೈಲು, ಅದರದೇ ರೋಗಿ ನಂಬರು ಮಾಡತೊಡಗಿದಳು. ಹೆಗಡೆಯವರು ಪಕ್ಕದಲ್ಲಿ ಕೂತು ಹಳೆಯ ಸಾಲುಗಳನ್ನು ವಿವರಿಸುತ್ತಿದ್ದರು. ಕೆಲವು ಅವರಿಗೇ ಅರ್ಥವಾಗುತ್ತಿರಲಿಲ್ಲ.

ಗಿರಿಜವ್ವ ಮನೆಗೆ ಹೊರಟ ದಿನ ಹೆಗಡೆಯವರು ವಾರ್ಡಿಗೆ ಹೋಗಿ ಮಂಚದ ಹತ್ತಿರ ನಿಂತರು.

“ಯಾರ್ರಿ ನೀವು?”

“ಕಂಪ್ಯೂಟರಿನವನು.”

ಅವರೇಕೆ ಬಂದರೆಂದು ಆಕೆಗೆ ಗೊತ್ತಾಗಲಿಲ್ಲ. “ಕುಂದರ್ರಿ,” ಎಂದು ಕಾಲು ಮಡಚಿ ಜಾಗ ಮಾಡಿಕೊಟ್ಟಳು.